ಪಾಠವೂ ಪ್ರಶ್ನೆಯೂ

ಒಂದು ಗ್ರಂಥವು ಶತಮಾನಗಳನ್ನು ದಾಟಿ ಬದುಕಬೇಕಾದರೆ ಓಲೆಗರಿ ಮಾತ್ರವೇ ಸಾಲದು. ಅದನ್ನು ಓದುವ ಕ್ರಮವೂ ಬಾಳಬೇಕು. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿಗಳ ಸೀಮೆಯು 2021ರಿಂದ ವಿಜಯನಗರ ಜಿಲ್ಲೆಗೆ ಸೇರಿದೆ. ಇಲ್ಲಿ ಇಂತಹ ಎರಡು ಕ್ರಮಗಳ ನೆಲೆಗಳು ಅಕ್ಕಪಕ್ಕದಲ್ಲಿಯೇ ಇವೆ.

ಹರಪನಹಳ್ಳಿಯ ಬಳಿಯ ಬಾಗಳಿಯಲ್ಲಿ, ಕಲ್ಲೇಶ್ವರನ ಗುಡಿಯಲ್ಲಿ, ಕ್ರಿ.ಶ. 987ರ ಶಾಸನವೊಂದುಂಟು. ಚಾಲುಕ್ಯರ ಕಾಲದಲ್ಲಿ ಅದು ಮಹಾಜನರ ಅಗ್ರಹಾರ. ಅಗ್ರಹಾರಗಳ ವೇದಪಾಠದಲ್ಲಿ ಮೊದಲು ಸಂಹಿತೆ, ಬಳಿಕ ಪದ, ಕ್ರಮ, ಜಟೆ, ಘನ. ಜಟೆಯಲ್ಲಿ ಎರಡೆರಡು ಪದಗಳನ್ನು ಮುಂದಕ್ಕೆ, ಹಿಂದಕ್ಕೆ, ಮತ್ತೆ ಮುಂದಕ್ಕೆ ಹೇಳುತ್ತಾರೆ. ಹೀಗೆ ಹೆಣೆದ ಪಾಠದಲ್ಲಿ ಒಂದಕ್ಷರ ಜಾರಿದರೂ ಗುರುವಿನ ಕಿವಿ ಅದನ್ನು ಹಿಡಿಯುವುದು.

ಕೊಟ್ಟೂರಿಗೆ ಸಮೀಪದ ಉಜ್ಜಯಿನಿಯು ವೀರಶೈವರ ಪಂಚಪೀಠಗಳಲ್ಲೊಂದು. ಆ ಮತದವರು ಮಾನ್ಯಮಾಡಿದ ‘ಶೂನ್ಯಸಂಪಾದನೆ’ಯ ರೀತಿಯೇ ಬೇರೆ. ಹದಿನೈದನೆಯ ಶತಮಾನದಲ್ಲಿ, ವಿಜಯನಗರದ ಅರಸರ ಕಾಲದಲ್ಲಿ, ಶಿವಗಣಪ್ರಸಾದಿ ಮಹಾದೇವಯ್ಯನು ಬಿಡಿಬಿಡಿಯಾದ ವಚನಗಳನ್ನು ಸಂವಾದವಾಗಿ ಜೋಡಿಸಿದನು. ಅಣ್ಣ ಅಜಗಣ್ಣನನ್ನು ಕಳೆದುಕೊಂಡು ಅಳುವ ಮುಕ್ತಾಯಕ್ಕನು, ಸಂತೈಸಲು ಬಂದ ಅಲ್ಲಮಪ್ರಭುವನ್ನೇ ಕೇಳುತ್ತಾಳೆ: ಪರವಸ್ತುವನ್ನು ಅರಿತವನಿಗೆ ಇಷ್ಟು ಮಾತೇಕೆ? ಮುಂದೆ ಮತ್ತೆ ಮೂವರು ಸಂಪಾದನಕಾರರು ಇದೇ ಗ್ರಂಥವನ್ನು ಹೊಸದಾಗಿ ಕಟ್ಟಿದರು.

ಒಂದು ಕ್ರಮವು ಅಕ್ಷರವನ್ನು ಕಾಯುವುದು, ಇನ್ನೊಂದು ಪ್ರಶ್ನೆಯನ್ನು ಕಾಯುವುದು. ಯೆಹೂದ್ಯರಲ್ಲಿ ಈ ಎರಡೂ ಒಂದೇ ಮನೆಯಲ್ಲಿವೆ. ತೋರಾ ಗ್ರಂಥವನ್ನು ಅವರು ಗೊತ್ತಾದ ಸ್ವರದಲ್ಲಿ ಓದುವರು. ಅರ್ಥ ಕೆಡುವಂತೆ ತಪ್ಪಿದವನನ್ನು ಅಲ್ಲಿಯೇ ತಡೆದು ತಿದ್ದುವರು. ತಾಲ್ಮುಡ್ ಎಂಬ ಧರ್ಮಚರ್ಚೆಯ ಗ್ರಂಥವನ್ನಾದರೋ ಇಬ್ಬರು ಎದುರುಬದುರಾಗಿ ಕುಳಿತು ವಾದಿಸುತ್ತ ಓದುವರು. 1520ರಿಂದ 1523ರವರೆಗೆ ವೆನಿಸ್ಸಿನಲ್ಲಿ ಅಚ್ಚಾದ ಪ್ರತಿಯಲ್ಲಿ ಮೂಲವು ಪುಟದ ನಡುವೆ ಇದೆ. ಒಂದು ಮಗ್ಗುಲಲ್ಲಿ ಹನ್ನೊಂದನೆಯ ಶತಮಾನದ ರಾಶಿ ಎಂಬ ಪಂಡಿತನ ವ್ಯಾಖ್ಯಾನ, ಇನ್ನೊಂದರಲ್ಲಿ ಅವನ ಮೊಮ್ಮಕ್ಕಳೇ ಮೊದಲಾದವರ ಆಕ್ಷೇಪಗಳು. ದೇಶದೇಶಕ್ಕೆ ಪದ್ಧತಿ ಬೇರೆ. ಪೋಲೆಂಡಿನವರು ವಾದದ ಸೂಕ್ಷ್ಮವನ್ನು ಮೆಚ್ಚಿದರು. ಸ್ಪೇನಿನ ಪರಂಪರೆಯವರು ಕ್ರಮಬದ್ಧವಾದ ಅರ್ಥವಿವೇಚನೆಯನ್ನು. ಪುಸ್ತಕಗಳು ವಿರಳವಾಗಿದ್ದ ಯೆಮೆನಿನಲ್ಲಿ, ಒಂದೇ ಪ್ರತಿಯ ಸುತ್ತಲೂ ಕುಳಿತ ಮಕ್ಕಳು ತಲೆಕೆಳಗಾದ ಅಕ್ಷರಗಳನ್ನೂ ಓದಲು ಕಲಿತರು. ತೀರ್ಪು ಬಹುಮಟ್ಟಿಗೆ ಹಿಲ್ಲೆಲನ ಪಂಥಕ್ಕೆ ಸಂದರೂ, ಶಮ್ಮಾಯಿಯ ಪಂಥದ ಅಭಿಪ್ರಾಯವನ್ನು ಗ್ರಂಥದಿಂದ ಅಳಿಸಲಿಲ್ಲ. ಸೋತ ವಾದವೂ ಓದಿಗೆ ಯೋಗ್ಯವೆಂದೇ ಅವರ ಭಾವನೆ.

ಇದರಿಂದ ನಾವು ಅರಿಯಬೇಕಾದುದೇನು? ಇಂದು ವಚನಗಳು ಸುಲಭವಾಗಿ ದೊರೆಯುತ್ತವೆ. ನಮ್ಮ ಮಕ್ಕಳಿಂದ ಅವನ್ನು ಕಂಠಪಾಠ ಮಾಡಿಸಿ ಬಹುಮಾನವನ್ನೂ ಕೊಡುತ್ತೇವೆ. ಉಚ್ಚಾರಶುದ್ಧಿ ಬೇಕಾದುದೇ, ಅದು ಬಾಗಳಿಯಂತಹ ಅಗ್ರಹಾರಗಳು ಬಿಟ್ಟುಹೋದ ಸಂಪತ್ತು. ಆದರೆ ಸಂಪಾದನಕಾರರು ವಚನಕ್ಕೆ ಎದುರು ವಚನವನ್ನಿಟ್ಟು ಕೊಟ್ಟರು. ಆ ಎದುರಾಳಿಯನ್ನು ತೆಗೆದುಹಾಕಿ ಉತ್ತರವನ್ನಷ್ಟೇ ಮಕ್ಕಳ ಬಾಯಿಗೆ ಇಟ್ಟರೆ, ಅಕ್ಷರ ಉಳಿದರೂ ಓದು ಉಳಿಯದು. ಪ್ರಭುವಿನ ಮಾತಿನೊಡನೆ ಮುಕ್ತಾಯಕ್ಕನ ಪ್ರಶ್ನೆಯನ್ನೂ ಅವರಿಗೆ ಕಲಿಸೋಣ.