ರೆಪ್ಪೆ ತಿರುವಿ ನೋಡಿದ ಕಾಶಿ

ಮಗು ಸದಾ ಕಣ್ಣು ಉಜ್ಜಿಕೊಳ್ಳುತ್ತದೆ. ಕಣ್ಣಷ್ಟೇ ಅಲ್ಲ, ಕಣ್ಣಿನ ಸುತ್ತ, ಮೂಗು, ಹಣೆ ಎಲ್ಲವನ್ನೂ ತಿಕ್ಕುತ್ತದೆ. ಬಿಸಿಲನ್ನು ತಡೆಯಲಾರದು, ಕಣ್ಣಲ್ಲಿ ನೀರು ಸುರಿಯುವುದು ನಿಲ್ಲುವುದಿಲ್ಲ. ಏಪ್ರಿಲ್ ತಿಂಗಳಲ್ಲಿ ಯಾವ ಕಣ್ಣಾಸ್ಪತ್ರೆಯ ಹೊರರೋಗಿ ವಿಭಾಗದಲ್ಲಿ ಕೂತರೂ ತಾಯಂದಿರು ಹೇಳುವುದು ಇದನ್ನೇ. ಈ ವಿವರ ಆಯುರ್ವೇದದ ಪ್ರಾಚೀನ ಗ್ರಂಥವಾದ ಸುಶ್ರುತ ಸಂಹಿತೆಯಲ್ಲಿ, ಉತ್ತರತಂತ್ರ ಎಂಬ ಕೊನೆಯ ಭಾಗದ 19ನೇ ಅಧ್ಯಾಯದಲ್ಲಿಯೂ ಇದೆ. ಅಲ್ಲಿ ಆ ರೋಗದ ಹೆಸರು ಕುಕೂಣಕ.

ಸಂಹಿತೆ ತನ್ನನ್ನು ಕಾಶಿಗೆ ಸೇರಿಸಿಕೊಳ್ಳುತ್ತದೆ. ಕಾಶಿರಾಜ ದಿವೋದಾಸ ಧನ್ವಂತರಿ ಹೇಳಿದ್ದು, ಸುಶ್ರುತ ಮತ್ತು ಅವನ ಸಹಪಾಠಿಗಳು ಕೇಳಿದ್ದು ಎಂಬುದು ಗ್ರಂಥದ ಚೌಕಟ್ಟು. ಇದನ್ನು ಬರೀ ಪುರಾಣವೆಂದು ತಳ್ಳಿಹಾಕುವಂತಿಲ್ಲ. 1890ರಲ್ಲಿ ಮಧ್ಯ ಏಷ್ಯಾದ ಕೂಚಾದಲ್ಲಿ ಸಿಕ್ಕಿದ, ಬೋವರ್ ಹಸ್ತಪ್ರತಿ ಎಂದು ಹೆಸರಾದ ಹಳೆಯ ಭೂರ್ಜಪತ್ರಗಳಲ್ಲೂ ಸುಶ್ರುತ ಬೆಳ್ಳುಳ್ಳಿಯ ವಿಷಯ ಕೇಳುವುದು ಕಾಶಿರಾಜನನ್ನೇ. ಕಾಶಿಯ ವೈದ್ಯಪರಂಪರೆಯ ಹೆಸರು ಅಷ್ಟು ದೂರದವರೆಗೆ ಹೋಗಿತ್ತು. ಆದರೆ ಕಣ್ಣಿನ ವಿದ್ಯೆಯ ಹಿರಿಮೆಯನ್ನು ಸಂಹಿತೆ ಪೂರ್ತಿ ಕಾಶಿಗೇ ಉಳಿಸಿಕೊಳ್ಳುವುದಿಲ್ಲ. ಆ ಭಾಗ ವಿದೇಹದ ರಾಜನಿಂದ ಬಂದದ್ದು ಎಂದು ಒಪ್ಪಿಕೊಂಡೇ ಮುಂದುವರಿಯುತ್ತದೆ.

ಉತ್ತರತಂತ್ರ ಆರಂಭವಾಗುವುದೇ ಕಣ್ಣಿನಿಂದ. ಒಟ್ಟು 76 ನೇತ್ರರೋಗಗಳು, ಅವುಗಳಲ್ಲಿ 21 ರೆಪ್ಪೆಯವು. ರೆಪ್ಪೆಯ ರೋಗಗಳ ವರ್ಣನೆಯನ್ನು ಇಂದಿನ ವೈದ್ಯರು ಓದಿದರೆ ಬೆರಗಾಗುತ್ತಾರೆ. ಕೆಂಪು ಸಾಸಿವೆ ಕಾಳಿನಂಥ, ತುರಿಸುವ, ಸ್ರಾವವಿರುವ ಗುಳ್ಳೆಗಳಿಗೆ ಪೋಥಕಿ ಎಂದು ಹೆಸರು. ಸುತ್ತ ಸಣ್ಣ ಗುಳ್ಳೆಗಳು ಮುತ್ತಿಕೊಂಡು ನಡುವೆ ದೊಡ್ಡದಾಗಿ, ಒರಟಾಗಿ ಎದ್ದ ಗುಳ್ಳೆ ವರ್ತ್ಮಶರ್ಕರ. ರೆಪ್ಪೆಯ ಒಳಮಗ್ಗುಲನ್ನು ತಿರುವಿ ನೋಡದವರಿಗೆ ಇಂಥ ವಿವರ ಬರೆಯಲು ಸಾಧ್ಯವಿಲ್ಲ. ಅದನ್ನು ತಿರುವುವ ಬಗೆಯನ್ನೂ ಗ್ರಂಥ ಹೇಳುತ್ತದೆ: ಮೊದಲು ಬಿಸಿನೀರಿನ ಬಟ್ಟೆಯಿಂದ ಶಾಖ ಕೊಡಬೇಕು, ಆಮೇಲೆ ಬಟ್ಟೆ ಸುತ್ತಿದ ಎಡಗೈಯ ಹೆಬ್ಬೆರಳು ಮತ್ತು ಬೆರಳಿನಿಂದ ರೆಪ್ಪೆ ಜಾರದಂತೆ ಹಿಡಿಯಬೇಕು.

ಕುಕೂಣಕವೇ ಇಂದಿನ ತೀವ್ರ ಕಣ್ಣಿನ ಅಲರ್ಜಿ ಎಂದು ಗಂಟು ಹಾಕುವುದು ತಪ್ಪಾದೀತು. ಸುಶ್ರುತ ಅದಕ್ಕೆ ಕೆಟ್ಟ ಎದೆಹಾಲು ಕಾರಣವೆಂದರೆ ಆಯುರ್ವೇದದ ಮತ್ತೊಬ್ಬ ಆಚಾರ್ಯ ವಾಗ್ಭಟ ಹಲ್ಲು ಹುಟ್ಟುವುದನ್ನು ಕಾರಣವಾಗಿ ಹೇಳುತ್ತಾನೆ. ಇಬ್ಬರ ಮುಂದೆಯೂ ಇದ್ದದ್ದು ಹಸುಗೂಸು. ಇಂದು ವರ್ನಲ್ ಕೆರಟೋಕಂಜಂಕ್ಟಿವೈಟಿಸ್ ಎಂದು ಕರೆಯುವ ರೋಗ ಬರುವುದು ಸ್ವಲ್ಪ ದೊಡ್ಡ ಮಕ್ಕಳಿಗೆ, ಹೆಚ್ಚಾಗಿ ಗಂಡುಮಕ್ಕಳಿಗೆ. ಬಿಸಿಯಾದ, ಒಣ, ದೂಳಿನ ಊರುಗಳಲ್ಲಿ ಅದರ ಕಾಟ ಹೆಚ್ಚು. ಬೇಸಿಗೆಯಲ್ಲಿ ಲೂ ಎಂಬ ಬಿಸಿಗಾಳಿ ಬೀಸುವ ಕಾಶಿ ಅಂಥದ್ದೊಂದು ಊರು. ಸುಶ್ರುತ ಹಿಡಿದದ್ದು ಕಾರಣವನ್ನಲ್ಲ, ತುರಿಕೆ, ನೀರು, ಬೆಳಕಿನ ಭಯ ಎಂಬ ಮೂರು ಲಕ್ಷಣಗಳ ಜೊತೆಯನ್ನು. ಆ ಮೂರರ ಬೆಲೆ ಇಂದಿಗೂ ಇಳಿದಿಲ್ಲ.

ಚಿಕಿತ್ಸೆ ಮಾತ್ರ ಕಠಿಣವಾಗಿತ್ತು. ರಕ್ತ ತೆಗೆಯುವುದು, ರೆಪ್ಪೆಯ ಒಳಭಾಗವನ್ನು ಹೆರೆಯುವುದು, ಖಾರದ ಔಷಧಗಳನ್ನು ಜೇನಿನಲ್ಲಿ ಕಲಸಿ ತಿಕ್ಕುವುದು. ಜೊತೆಗೆ ನೇರಳೆ, ಮಾವು, ನೆಲ್ಲಿಯ ಎಳೆಯ ಎಲೆಗಳ ಕಷಾಯದಲ್ಲಿ ತೊಳೆಯುವುದು. ಪುಟ್ಟ ಮಗುವಿಗೆ ಇದೆಂಥ ಹಿಂಸೆ ಎನಿಸುತ್ತದೆ, ನಿಜ. ಆದರೆ ಯುರೋಪು ಇದಕ್ಕಿಂತ ಮೆದುವಾಗಿ ನಡೆದುಕೊಂಡದ್ದೇನೂ ಇಲ್ಲ. ಜರ್ಮನಿಯ ನೇತ್ರವೈದ್ಯ ಸೇಮಿಶ್ 1876ರಲ್ಲಿ ವರ್ನಲ್ ರೋಗಕ್ಕೆ ಆ ವಸಂತದ ಹೆಸರಿಟ್ಟ. ಇಪ್ಪತ್ತನೇ ಶತಮಾನದಲ್ಲಿ ಮಕ್ಕಳ ರೆಪ್ಪೆಗಳಿಗೆ ರೇಡಿಯಂ ಕಿರಣ ಹಾಯಿಸಿದ್ದೂ ಉಂಟು. ಕಣ್ಣಿನ ಪೊರೆ ಬರುವ ಅಪಾಯ ಅದರ ಬೆನ್ನಿಗೇ ಇತ್ತು. ಅಲರ್ಜಿ ಎಂಬ ಪದವನ್ನು ವಿಯೆನ್ನಾದ ಮಕ್ಕಳ ವೈದ್ಯ ಪಿರ್ಕೆ ರೂಢಿಗೆ ತಂದದ್ದು 1906ರಲ್ಲಿ, ಅದರ ಹಿಂದಿರುವ ಐಜಿಇ ಎಂಬ ಪ್ರತಿಕಾಯ ಪತ್ತೆಯಾದದ್ದು 1960ರ ದಶಕದಲ್ಲಿ.

ಇದೇ ಹೊತ್ತಿಗೆ ಕಾಶಿಯಲ್ಲಿ ಹಳೆಯ ಮತ್ತು ಹೊಸ ವೈದ್ಯಪದ್ಧತಿಗಳು ಒಂದೇ ಆವರಣಕ್ಕೆ ಬಂದವು. ಅದರಲ್ಲಿ ನಮ್ಮ ಕರಾವಳಿಯವರೊಬ್ಬರ ಕೈ ದೊಡ್ಡದು. ಡಾ. ಕೆ. ಎನ್. ಉಡುಪ ಬನಾರಸ್ ಹಿಂದೂ ವಿಶ್ವವಿದ್ಯಾಲಯದಲ್ಲಿ ಆಯುರ್ವೇದ ಓದಿ, ಅಮೆರಿಕದಲ್ಲಿ ಶಸ್ತ್ರಚಿಕಿತ್ಸೆ ಕಲಿತು ಬಂದವರು. 1958ರಲ್ಲಿ ಆಯುರ್ವೇದದ ಸ್ಥಿತಿಗತಿ ಪರಿಶೀಲಿಸಲು ಕೇಂದ್ರ ಸರ್ಕಾರ ನೇಮಿಸಿದ ಸಮಿತಿಗೆ ಅವರೇ ಅಧ್ಯಕ್ಷರು. ವಿಶ್ವವಿದ್ಯಾಲಯದ ವೈದ್ಯಕೀಯ ಕಾಲೇಜು 1960ರಲ್ಲಿ ಆರಂಭವಾದಾಗ ಪ್ರಾಂಶುಪಾಲರು, 1971ರಲ್ಲಿ ಅದು ವೈದ್ಯಕೀಯ ವಿಜ್ಞಾನ ಸಂಸ್ಥೆಯಾದಾಗ ಮೊದಲ ನಿರ್ದೇಶಕರು. ಅದೇ ಸಂಸ್ಥೆಯ ಶಸ್ತ್ರವೈದ್ಯ ಜಿ. ಡಿ. ಸಿಂಘಲ್ ಸುಶ್ರುತ ಸಂಹಿತೆಯನ್ನು ಆಧುನಿಕ ಶಸ್ತ್ರವೈದ್ಯರ ಕಣ್ಣಿನಿಂದ ಓದಿ, ವ್ಯಾಖ್ಯಾನದೊಡನೆ ಇಂಗ್ಲಿಷಿಗೆ ತಂದರು. ಈ ದುಡಿಮೆ ಕನ್ನಡದಲ್ಲಿ ಇನ್ನಷ್ಟು ಪರಿಚಯವಾಗಬೇಕಿತ್ತು.

ಇಂದು ಅಲ್ಲಿಯೂ ಎಲ್ಲೆಡೆಯೂ ವರ್ನಲ್ ರೋಗದ ಪರೀಕ್ಷೆಯಲ್ಲಿ ಮೇಲ್ರೆಪ್ಪೆಯನ್ನು ತಿರುವಿ ನೋಡುವುದೇ ಮುಖ್ಯ. ಒಳಗೆ ಕಲ್ಲು ಹಾಸಿದಂತೆ ಚಪ್ಪಟೆ ಗಡ್ಡೆಗಳು ಕಂಡರೆ, ಕರಿಗುಡ್ಡೆಯ ಅಂಚಿನಲ್ಲಿ ಬಿಳಿ ಚುಕ್ಕೆಗಳಿದ್ದರೆ, ಹಗ್ಗದಂತೆ ಎಳೆಯಾಗುವ ಲೋಳೆ ಬಂದರೆ ರೋಗ ಗುರುತಾಗುತ್ತದೆ. ಗಡ್ಡೆಗಳ ಉಜ್ಜಾಟ ಮತ್ತು ಉರಿಯೂತದಿಂದ ಕಾರ್ನಿಯಾದ ಮೇಲೆ ಗುರಾಣಿಯಾಕಾರದ ಹುಣ್ಣಾಗಬಹುದು. ಆ ಹುಣ್ಣಿನ ಮೇಲೆ ಗಟ್ಟಿ ಪದರ ಕಟ್ಟಿದರೆ ವೈದ್ಯರು ಅದನ್ನು ಹೆರೆದೇ ತೆಗೆಯಬೇಕಾಗುತ್ತದೆ. ಹೆರೆಯುವ ಚಿಕಿತ್ಸೆ ಅಷ್ಟರ ಮಟ್ಟಿಗೆ ಉಳಿದುಕೊಂಡಿದೆ.

1950ರ ದಶಕದಲ್ಲಿ ಬಂದ ಸ್ಟೀರಾಯ್ಡ್ ಹನಿಗಳು ಈ ಮಕ್ಕಳಿಗೆ ವರದಂತೆ ಕಂಡವು. ಒಂದೆರಡು ದಿನದಲ್ಲಿ ತುರಿಕೆ ತಣ್ಣಗಾಗುತ್ತಿತ್ತು. ಅತಿ ದೊಡ್ಡ ಅನಾಹುತ ಶುರುವಾದದ್ದೂ ಅಲ್ಲಿಂದಲೇ. ತಿಂಗಳುಗಟ್ಟಲೆ ಹಾಕಿದರೆ ಕಣ್ಣಿನ ಒತ್ತಡ ಏರಬಹುದು, ನೋವಿಲ್ಲದೆ ಅಂಚಿನಿಂದ ದೃಷ್ಟಿ ಕರಗಬಹುದು. ಹೀಗೆ ಹೋದ ದೃಷ್ಟಿ ಮರಳುವುದಿಲ್ಲ. ರೋಗಕ್ಕಿಂತ ಮದ್ದೇ ಮಗುವಿನ ಕಣ್ಣು ಕಳೆಯುವುದು ಇಂದಿಗೂ ನಿಂತಿಲ್ಲ. ಸ್ಟೀರಾಯ್ಡನ್ನು ಕಡಿಮೆ ಮಾಡಿಸುವ ಸೈಕ್ಲೋಸ್ಪೋರಿನ್ ಹನಿ, ಟ್ಯಾಕ್ರೋಲಿಮಸ್ ಮುಲಾಮು ಈಗ ದೊರೆಯುತ್ತವೆ. ಆದರೆ ಅವು ಕೆಲಸ ಮಾಡಲು ಕೆಲವು ವಾರ ಬೇಕು, ತಾಳ್ಮೆಯೂ ಬೇಕು.

ಹಾಗಾಗಿ ಹೆತ್ತವರಲ್ಲಿ ಒಂದು ಬಿನ್ನಹ. ಮಗು ಕಣ್ಣುಜ್ಜುವುದನ್ನು ಬಿಡದಿದ್ದರೆ ಹೋದ ವರ್ಷದ ಚೀಟಿ ಹಿಡಿದು ಔಷಧಿ ಅಂಗಡಿಗೆ ಹೋಗಬೇಡಿ. ರೆಪ್ಪೆ ತಿರುವಿ ನೋಡುವ, ಕಣ್ಣಿನ ಒತ್ತಡವನ್ನೂ ಅಳೆಯುವ ವೈದ್ಯರ ಬಳಿಗೆ ಕರೆದುಕೊಂಡು ಹೋಗಿ.