ನಾಯಕರ ಸತಿ, ನಾಯಕರ ತಾಯಿ

ಕಥೆ ಕನ್ನಡದ್ದು, ಕಲಾವಿದರು ಕನ್ನಡದವರು. ಆದರೆ ಚಿತ್ರ ಮೂಡುತ್ತಿದ್ದುದು ಮದರಾಸಿನ ಸ್ಟುಡಿಯೋಗಳಲ್ಲಿ. ನಾಟಕ ಮಂಡಳಿಗಳಲ್ಲಿ ಪಳಗಿದವರು ಬಣ್ಣದ ಪೆಟ್ಟಿಗೆ ಹೊತ್ತು ಅಲ್ಲಿಗೆ ರೈಲು ಹತ್ತುತ್ತಿದ್ದ ಕಾಲವದು. 1928ರಲ್ಲಿ ಭಟ್ಕಳದಲ್ಲಿ ಜನಿಸಿದ ಪಂಢರಿಬಾಯಿ, 1943ರ ‘ವಾಣಿ’ಯಿಂದ ಬೆಳ್ಳಿತೆರೆಗೆ ಬಂದರು.

1952ರ ದೀಪಾವಳಿಗೆ ತಮಿಳಿನ ‘ಪರಾಶಕ್ತಿ’ ತೆರೆಕಂಡಿತು. ಶಿವಾಜಿ ಗಣೇಶನ್ ಅವರಿಗೆ ಅದೇ ಮೊದಲ ಚಿತ್ರ, ಜೋಡಿಯಾಗಿ ಪಂಢರಿಬಾಯಿ. 1954ರಲ್ಲಿ ಎಚ್.ಎಲ್.ಎನ್. ಸಿಂಹ ಅವರ ‘ಬೇಡರ ಕಣ್ಣಪ್ಪ’ದಿಂದ ಮುತ್ತುರಾಜ ರಾಜಕುಮಾರರಾದರು, ಆ ಬೇಡನ ಮಡದಿ ನೀಲೆಯೂ ಪಂಢರಿಬಾಯಿಯೇ. ಎರಡು ನಾಡುಗಳ ಇಬ್ಬರು ಮಹಾನಟರು ನಾಯಕಪಟ್ಟ ಏರುವಾಗ ಪಕ್ಕದಲ್ಲಿ ನಿಂತವರು ಒಬ್ಬರೇ.

ಅದೇ ವರ್ಷ ಹಾಡುಗಳೇ ಇಲ್ಲದ ‘ಅಂದ ನಾಳ್’ ಬಂತು. ಜಪಾನೀಯರಿಗೆ ದೇಶವನ್ನೇ ಮಾರಹೊರಟ ಗಂಡನೆದುರು ಪಿಸ್ತೂಲು ಹಿಡಿದು ನಿಂತ ಉಷಾ ಪಾತ್ರದಲ್ಲಿ, ಸೌಮ್ಯಮುಖದ ಈ ನಟಿಯ ಇನ್ನೊಂದು ಬಲ ಕಂಡಿತು.

ಆದರೆ ತೆರೆಯ ಪಂಚಾಂಗವೇ ಬೇರೆ. ಅಲ್ಲಿ ಗಂಡಸಿಗೆ ವಯಸ್ಸಾಗುವುದಿಲ್ಲ. ಹೆಣ್ಣಿಗೆ ಇದ್ದುದಕ್ಕಿಂತ ಹೆಚ್ಚು ಆಗಿಬಿಡುತ್ತದೆ. 1965ರ ‘ಎಂಗ ವೀಟ್ಟು ಪಿಳ್ಳೈ’ಯಲ್ಲಿ ಎಂ.ಜಿ.ಆರ್. ಅವರಿಗೆ ಅಕ್ಕನಾಗಿದ್ದ ಪಂಢರಿಬಾಯಿ, 1968ರ ‘ಕುಡಿಯಿರುಂದ ಕೋಯಿಲ್’ನಲ್ಲಿ ತಾಯಿಯಾದರು. ಮಗನಾದವರು ತಾಯಿಗಿಂತ 11 ವರ್ಷ ಹಿರಿಯರು! 1973ರ ‘ಗೌರವಂ’ನಲ್ಲಿ ಶಿವಾಜಿಯವರದು ದ್ವಿಪಾತ್ರ: ಅಹಂಕಾರಿ ಬ್ಯಾರಿಸ್ಟರು, ಅವನ ಸಾಕುಮಗ. ಒಬ್ಬ ಶಿವಾಜಿಗೆ ಹೆಂಡತಿಯಾಗಿ, ಇನ್ನೊಬ್ಬ ಶಿವಾಜಿಗೆ ತಾಯಿಯಾಗಿ, ಇಬ್ಬರ ಹಟದ ನಡುವೆ ನವೆಯುವ ಆ ಗೃಹಿಣಿಯಲ್ಲಿ ಪಂಢರಿಬಾಯಿಯವರ ವೃತ್ತಿಜೀವನವೇ ಒಂದು ಮನೆಯೊಳಗೆ ಅಡಕವಾದಂತಿತ್ತು.

1986ರ ‘ಅನುರಾಗ ಅರಳಿತು’ ಚಿತ್ರದಲ್ಲಿ ರಾಜಕುಮಾರರಿಗೆ ತಾಯಿ. ಅದೇ ಕಥೆ 1992ರಲ್ಲಿ ತಮಿಳಿನ ‘ಮನ್ನನ್’ ಆದಾಗ ರಜನಿಕಾಂತರಿಗೂ ತಾಯಿ. ನಾಯಕರು ಬದಲಾದರು, ಭಾಷೆ ಬದಲಾಯಿತು, ತಾಯಿ ಬದಲಾಗಲಿಲ್ಲ.

2003ರ ಜನವರಿಯಲ್ಲಿ ಅವರು ಚೆನ್ನೈಯಲ್ಲಿ ತೀರಿಕೊಂಡರು. ಅಷ್ಟರಲ್ಲಿ ಕನ್ನಡ ಚಿತ್ರಗಳು ಮದರಾಸು ಬಿಟ್ಟು ಬೆಂಗಳೂರಿಗೆ ಬಂದು ಬಹುಕಾಲವಾಗಿತ್ತು. ಬೇಡರ ಕಣ್ಣಪ್ಪನನ್ನು ನೆನೆದಾಗಲೆಲ್ಲ ಕಣ್ಣು ಕಿತ್ತುಕೊಟ್ಟ ಭಕ್ತನೇ ಎದುರು ನಿಲ್ಲುತ್ತಾನೆ. ಅವನ ಬಡಗುಡಿಸಲಲ್ಲಿ ಹಸಿವು ನುಂಗಿಕೊಂಡು ಕಾದ ನೀಲೆಯೂ ಆ ಕಥೆಯ ಅರ್ಧಭಾಗ.