ಊರು ಬಿಟ್ಟರೆ ಜ್ವರ ಬಿಟ್ಟೀತೇ?

ಶ್ರೀರಂಗಪಟ್ಟಣದಲ್ಲಿ ಕಾವೇರಿಯ ದಂಡೆಗೆ ಹೊಂದಿಕೊಂಡಂತೆ ಸ್ಕಾಟ್ ಬಂಗಲೆ ಎಂಬ ಹಳೆಯ ಮನೆಯೊಂದಿದೆ. ಫಿರಂಗಿ ಗಾಡಿಗಳನ್ನು ತಯಾರಿಸುವ ಕಾರ್ಖಾನೆಯ ಮುಖ್ಯಸ್ಥನಾಗಿದ್ದ ಕರ್ನಲ್ ಸ್ಕಾಟ್ ಒಂದು ದಿನ ಕವಾಯತು ಮುಗಿಸಿ ಮನೆಗೆ ಮರಳಿದಾಗ ಹೆಂಡತಿಯೂ ಇಬ್ಬರು ಹೆಣ್ಣುಮಕ್ಕಳೂ ಕಾಲರಾಕ್ಕೆ ಬಲಿಯಾಗಿದ್ದರಂತೆ. ಆತ ಉಟ್ಟ ಬಟ್ಟೆಯಲ್ಲೇ ಹೊರನಡೆದನಂತೆ. ಪೀಠೋಪಕರಣಗಳು ಇದ್ದಲ್ಲೇ ಧೂಳು ಹಿಡಿದವು; ಮೈಸೂರಿನ ಅರಸರು ಮನೆಯನ್ನು ಹಾಗೆಯೇ ಉಳಿಸಲು ಹೇಳಿದರು ಎನ್ನುತ್ತದೆ ಕಥೆ.

ಇದೆಲ್ಲ ಎಷ್ಟು ನಿಜ ಎಂಬುದು ಬೇರೆ ಮಾತು. ಆದರೆ ಇಂಥ ಕಥೆ ಹುಟ್ಟಲು ಶ್ರೀರಂಗಪಟ್ಟಣಕ್ಕಿಂತ ತಕ್ಕ ಊರು ಆಗ ಇರಲಿಲ್ಲ. 1799ರ ಮೇ 4ರಂದು ಟಿಪ್ಪು ಸುಲ್ತಾನ್ ಮಡಿದು ಕೋಟೆ ಇಂಗ್ಲಿಷರ ವಶವಾಯಿತು. ಗುಂಡೇಟಿನಿಂದ ಪಾರಾದವರನ್ನು ಚಳಿಜ್ವರ ಹಿಡಿಯಿತು. ಮರುವರ್ಷ ಇಲ್ಲಿಗೆ ಬಂದ ಫ್ರಾನ್ಸಿಸ್ ಬುಕಾನನ್, ಟಿಪ್ಪುವಿನ ಕಾಲದಲ್ಲಿ ದ್ವೀಪದ ಜನಸಂಖ್ಯೆ ಒಂದೂವರೆ ಲಕ್ಷವಿದ್ದೀತೆಂದು ಅಂದಾಜಿಸಿದ. ಉಳಿದವರು ಅವನ ಲೆಕ್ಕದಲ್ಲಿ 31,895 ಮಂದಿ. ಹಾಗೆ ಉಳಿದವರಲ್ಲಿ, ಗಂಜಾಂ ಪೇಟೆಯನ್ನು ತುಂಬಿಸಲೆಂದು ಶಿರಾದಿಂದ ಬಲವಂತವಾಗಿ ಎಬ್ಬಿಸಿ ತಂದವರೂ ಇದ್ದರು. ರಾಜಧಾನಿ ಹೋಯಿತು, ಅದರೊಂದಿಗೆ ಅವರ ಕಸುಬಿಗಿದ್ದ ಬೇಡಿಕೆಯೂ ಹೋಯಿತು.

ಕೆಟ್ಟ ಗಾಳಿಯಿಂದ ಜ್ವರ ಬರುತ್ತದೆಂದು ಅಂದಿನ ವೈದ್ಯರು ನಂಬಿದ್ದರು. ಮಲೇರಿಯಾ ಎಂಬ ಪದಕ್ಕೂ ಇಟಲಿಯ ಭಾಷೆಯಲ್ಲಿ ಅದೇ ಅರ್ಥ. ಹೀಗಿರುವಾಗ ಗಾಳಿ ಬದಲಿಸುವುದೇ ಮದ್ದು. ಕುಂಪಣಿ ಮಾಡಿದ್ದೂ ಅದನ್ನೇ. 1809ರಲ್ಲಿ ಆರಂಭಿಸಿ ಕೆಲವೇ ವರ್ಷಗಳಲ್ಲಿ ಸೇನೆಯ ಮುಖ್ಯ ನೆಲೆ ಬೆಂಗಳೂರಿಗೆ ಹೋಯಿತು. ಇಂದಿನ ದಂಡು ಪ್ರದೇಶ ಬೆಳೆದದ್ದು ಹಾಗೆ. ಇನ್ನೊಂದು ತುಕಡಿ ಉತ್ತರಕ್ಕೆ ಕೆಲವೇ ಮೈಲಿ ದೂರದ ಹಿರೋಡೆಯ ಬಂಡೆಗಳ ಬಳಿ ಉಳಿಯಿತು. ಹೈದರ್ ಮತ್ತು ಟಿಪ್ಪುವಿನ ಫ್ರೆಂಚ್ ಸೈನಿಕರು ಅಲ್ಲಿ ಬೀಡುಬಿಟ್ಟಿದ್ದರಿಂದ ಇಂಗ್ಲಿಷರು ಅದನ್ನು 'ಫ್ರೆಂಚ್ ರಾಕ್ಸ್' ಎಂದರು. ಇಂದಿನ ಪಾಂಡವಪುರ ಅದೇ.

ಸಿಪಾಯಿಗೆ ಊರು ಬಿಡಲು ಹುಕುಂ ಸಾಕು. ಗದ್ದೆ ಇದ್ದವನು ಎಲ್ಲಿಗೆ ಹೋಗಬೇಕು? ಕಾವೇರಿಯ ನಾಲೆಗಳೇ ಅವನ ಅನ್ನ, ಆ ನಾಲೆಗಳ ನಿಂತ ನೀರೇ ಅವನ ಜ್ವರ. 17ನೆಯ ಶತಮಾನದಲ್ಲಿ ಕಂಠೀರವ ನರಸರಾಜ ಒಡೆಯರ ಕಾಲದ ಬಂಗಾರದೊಡ್ಡಿ ನಾಲೆ ದ್ವೀಪದೊಳಕ್ಕೇ ನೀರು ತಂದಿತ್ತು. ಅತ್ತ ನಾಗಮಂಗಲ, ಕೃಷ್ಣರಾಜಪೇಟೆಗಳ ಬೆದ್ದಲು ಸೀಮೆಯ ಗೋಳು ಬೇರೆ ಬಗೆಯದು. ಅಲ್ಲಿ ಮಳೆ ಕೈಕೊಟ್ಟರೆ ರಾಗಿಯಿಲ್ಲ. 1876-78ರ ಕ್ಷಾಮ ಮೈಸೂರು ಸೀಮೆಯನ್ನೇ ಬರಿದು ಮಾಡಿತು. 1871ರಲ್ಲಿ 50 ಲಕ್ಷ ದಾಟಿದ್ದ ಜನಸಂಖ್ಯೆ 1881ರಲ್ಲಿ 42 ಲಕ್ಷಕ್ಕೂ ಕಡಿಮೆಯಿತ್ತು.

1898ರಲ್ಲಿ ಪ್ಲೇಗು ಬಂದಾಗ ಊರು ಬಿಡುವುದು ರೈತನಿಗೂ ಅನಿವಾರ್ಯವಾಯಿತು. ಇಲಿ ಬಿದ್ದ ಸುದ್ದಿ ಹಬ್ಬಿದರೆ ಸಾಕು, ಮೈಸೂರು ಸೀಮೆಯ ಹಳ್ಳಿಗಳಲ್ಲಿ ಜನ ಮನೆಗೆ ಬೀಗ ಹಾಕಿ ಹೊಲಗಳಲ್ಲಿ ಜೋಪಡಿ ಕಟ್ಟಿಕೊಳ್ಳುತ್ತಿದ್ದರು. ಇಲಿ, ಚಿಗಟಗಳಿಂದ ದೂರವಾಗುವ ಈ ಉಪಾಯ ನಿಜಕ್ಕೂ ಜೀವ ಉಳಿಸಿತು. ಮನಸ್ಸಿನ ದಿಗಿಲಿಗೆ ಮಾರಮ್ಮನ ಹರಕೆ ಇತ್ತು. ಅದನ್ನು ಮೌಢ್ಯವೆಂದು ತಳ್ಳಿಹಾಕುವುದು ಸುಲಭ. ಸಾವು ಪಕ್ಕದ ಮನೆಗೆ ಬಂದಾಗ ಊರಿನವರೆಲ್ಲ ಒಂದೆಡೆ ಸೇರಿ ಅಳಲು, ಹೆದರಿಕೆಯನ್ನು ಬಾಯಿಬಿಟ್ಟು ಹೇಳಲು ಬೇರೆ ಯಾವ ಜಾಗವಿತ್ತು? 1901ರ ಗಣತಿಯ ಹೊತ್ತಿಗೆ ಶ್ರೀರಂಗಪಟ್ಟಣದಲ್ಲಿ ಉಳಿದವರು ಸುಮಾರು 8,500 ಮಂದಿ.

ಚಳಿಜ್ವರದ ಗುಟ್ಟು ಆ ವೇಳೆಗೆ ಬಯಲಾಗಿತ್ತು. 1897ರಲ್ಲಿ ಸಿಕಂದರಾಬಾದಿನಲ್ಲಿ ರೊನಾಲ್ಡ್ ರಾಸ್ ಸೊಳ್ಳೆಯ ಹೊಟ್ಟೆಯಲ್ಲಿ ಮಲೇರಿಯಾ ರೋಗಾಣು ಕಂಡಿದ್ದರು. ಆದರೆ ಸೊಳ್ಳೆಯನ್ನು ಹುಡುಕಿಕೊಂಡು ಸರ್ಕಾರ ಗದ್ದೆಯ ಬದುವಿಗೆ ಬರಲು ಇನ್ನೂ ಮೂರು ದಶಕ ಬೇಕಾಯಿತು. ಕನ್ನಂಬಾಡಿ ಕಟ್ಟೆಯ ನೀರು ಹೊಸ ನಾಲೆಗಳಿಗೆ ಹರಿಯುವ ಕಾಲಕ್ಕೆ ಮೈಸೂರು ಸರ್ಕಾರ ಅಮೆರಿಕದ ರಾಕ್‌ಫೆಲರ್ ಪ್ರತಿಷ್ಠಾನದ ನೆರವಿನಿಂದ ಮಲೇರಿಯಾ ಅಧ್ಯಯನ ಕೇಂದ್ರಗಳನ್ನು ತೆರೆಯಿತು. ಅವುಗಳಲ್ಲೊಂದು ಶ್ರೀರಂಗಪಟ್ಟಣದ ಬಳಿಯ ನಗೇನಹಳ್ಳಿಯಲ್ಲಿತ್ತು. ಈ ಬಾರಿ ಊರು ಬಿಡಬೇಕಾದದ್ದು ಜನರಲ್ಲ, ಸೊಳ್ಳೆ. ಸ್ವಾತಂತ್ರ್ಯಾನಂತರ ಡಿಡಿಟಿ ಸಿಂಪಡಣೆ ಬಂತು. 1953ರಲ್ಲಿ ರಾಷ್ಟ್ರೀಯ ಮಲೇರಿಯಾ ನಿಯಂತ್ರಣ ಕಾರ್ಯಕ್ರಮ ಆರಂಭವಾಯಿತು.

ಇತ್ತ ಸ್ಕಾಟನ ಕಥೆ ಮಾತ್ರ ಊರು ಬಿಡಲಿಲ್ಲ. 1875ರಲ್ಲಿ ಇಂಗ್ಲಿಷ್ ಅಧಿಕಾರಿಯೊಬ್ಬ ಆ ಪಾಳು ಬಂಗಲೆಯ ಮೇಲೆ ಪದ್ಯವನ್ನೇ ಬರೆದ. ಊರಿನ ಗ್ಯಾರಿಸನ್ ಸ್ಮಶಾನದಲ್ಲಿ ಸ್ಕಾಟನ ಪತ್ನಿ ಕ್ಯಾರೊಲಿನ್ ಇಸಬೆಲ್ಲಾಳ ಸಮಾಧಿಯಿದೆ. ಆಕೆ ತೀರಿಕೊಂಡದ್ದು 1817ರಲ್ಲಿ. ಕಾಲರಾದಿಂದಲ್ಲ, ಹೆರಿಗೆಯಲ್ಲಿ.